ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ, ಏನು ಮಾಡಲಿ?

ಹೊಸಬ:
ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪ್ರಾರ್ಥನೆಗೆ ಕೂರುತ್ತೇನೆ. ಮೊಣಕಾಲೂರಿ ಕಣ್ಣು ಮುಚ್ಚಿದ ಕೂಡಲೇ ನಾಳೆಯ ಕೆಲಸ, ಕಟ್ಟಬೇಕಾದ ಕಂತು, ಯಾರೋ ಆಡಿದ ಮಾತು, ಎಲ್ಲಾ ಸಾಲಾಗಿ ಬರುತ್ತವೆ. ಬಾಯಿ ಮಾತ್ರ ‘ಸ್ತೋತ್ರ ಕರ್ತನೇ’ ಅಂತಿರುತ್ತದೆ, ಸ್ವಲ್ಪ ಹೊತ್ತಿಗೆ ಮಂಚಕ್ಕೆ ಹಣೆ ಆನಿಸಿ ನಿದ್ದೆ. ಸಭೆಯಲ್ಲಿ ಗಂಟೆಗಟ್ಟಲೆ ಪ್ರಾರ್ಥಿಸುವವರನ್ನು ನೋಡಿದರೆ ನನ್ನ ವಿಶ್ವಾಸದಲ್ಲೇ ಕೊರತೆ ಇದೆಯಾ ಅನ್ನಿಸುತ್ತದೆ.

ಮುಂಜಾವು:
ಬ್ರದರ್, ದಿನವಿಡೀ ದುಡಿದು ರಾತ್ರಿ ಕೂತರೆ ನಿದ್ದೆ ಬರದೆ ಇನ್ನೇನು? ಯೇಸುವನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಶಿಷ್ಯರೂ ನಿದ್ದೆ ಹೋದರು, ಯೇಸು ‘ಒಂದು ಗಂಟೆಯಾದರೂ ಎಚ್ಚರ ಇರಲಾರಿರಾ’ ಅಂತ ಕೇಳಿದರು ನಿಜ, ಆದರೆ ಮನಸ್ಸು ಸಿದ್ಧ, ದೇಹಕ್ಕೆ ಬಲ ಸಾಲದು ಅಂತಲೂ ಅವರೇ ಹೇಳಿದರು ಅಲ್ವಾ. ಹೊತ್ತು ಬದಲಿಸಿ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೋಗಿ ಪ್ರಾರ್ಥಿಸಿದರು (ಬೈಬಲ್, ಮಾರ್ಕ 1:35), ಪ್ರವಾದಿ ದಾನಿಯೇಲ ದಿನಕ್ಕೆ 3 ಸಲ. ಫೋನ್ ಬೇರೆ ಕೋಣೆಯಲ್ಲಿರಲಿ. ಕಣ್ಣು ತೆರೆದು ಬೈಬಲಿನ ಒಂದು ಕೀರ್ತನೆಯನ್ನು ಜೋರಾಗಿ ಓದಿ, ಓದಿದ ಸಾಲನ್ನೇ ನಿಮ್ಮ ಮಾತಲ್ಲಿ ದೇವರಿಗೆ ಹೇಳಿ. ಕಂತಿನ ನೆನಪು ಬಂತಾ? ಅದನ್ನೂ ಹೇಳಿಬಿಡಿ, ಓಡಿಸಬೇಡಿ. ಹೊತ್ತು ಲೆಕ್ಕ ಹಾಕಬೇಡಿ, ಯೇಸುವೇ ಕಲಿಸಿದ ಪರಲೋಕದ ಪ್ರಾರ್ಥನೆ ಮುಗಿಯೋಕೆ ಒಂದು ನಿಮಿಷವೂ ಬೇಡ.

ಹಳೇ ಕುರ್ಚಿ:
ಫೋನ್, ನಿದ್ದೆ ಎಲ್ಲಾ ಸರಿ. ಆದರೆ ‘ಯಾರೋ ಆಡಿದ ಮಾತು’ ಅಂದಿರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಪ್ರತಿ ರಾತ್ರಿ ಅದೇ ಮಾತು ಬರುತ್ತಾ? ಬರುತ್ತಿದ್ದರೆ ಅದು ಚಂಚಲತೆ ಅಲ್ಲ, ಮುಗಿಯದ ಜಗಳ. ಗಂಡ ಹೆಂಡತಿಗೆ ಮಾನ ಕೊಡದಿದ್ದರೆ ಪ್ರಾರ್ಥನೆಗೇ ಅಡ್ಡಿ ಅಂತ 1 ಪೇತ್ರ 3:7ರಲ್ಲಿ ನೇರವಾಗಿದೆ. ಇದನ್ನು ಬಿಟ್ಟು ಅಲಾರಂ ಮಾತ್ರ ಬದಲಿಸಿದರೆ ಬೆಳಿಗ್ಗೆಯೂ ಅದೇ ಕಥೆ.

ಹೊಸಬ:
ಹೌದು, ಅಣ್ಣನ ಮಾತು. ನನ್ನ ಹತ್ತಿರ ಸಾಲ ತಗೊಂಡು, ಕೇಳಿದ್ದಕ್ಕೆ ನನ್ನನ್ನೇ ಬೈದ. ತಪ್ಪು ಅವನದು, ನಾನ್ಯಾಕೆ ಮೊದಲು ಹೋಗಬೇಕು?

ಹಳೇ ಕುರ್ಚಿ:
ಹೋಗಲೇಬೇಕು ಅಂತ ನಾನು ಹೇಳಲ್ಲ. ಎರಡು ವಚನ ಪಕ್ಕಪಕ್ಕ ಇಟ್ಟು ನೋಡಿ. ಮತ್ತಾಯ 5:23ರಲ್ಲಿ ನಿಮ್ಮ ಮೇಲೆ ಸಹೋದರನಿಗೆ ಮನಸ್ತಾಪ ಇದ್ದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಆಗಿ ಅಂತಿದೆ. ಮಾರ್ಕ 11:25ರಲ್ಲಿ ಉಲ್ಟಾ, ನಿಮಗೇ ಬೇರೆಯವರ ಮೇಲೆ ಕೋಪ. ಅಲ್ಲಿ ಪ್ರಾರ್ಥನೆಗೆ ನಿಂತಾಗಲೇ ಕ್ಷಮಿಸಿಬಿಡಿ ಅಂತಿದೆ, ಅವನು ಬಂದು ಕೇಳಲಿ ಅಂತ ಕಾಯೋ ಮಾತೇ ಇಲ್ಲ. ಕ್ಷಮಿಸಿದ ಮಾತ್ರಕ್ಕೆ ಸಾಲ ಮನ್ನಾ ಆಯ್ತು ಅಂತಲೂ ಅಲ್ಲ, ಹಣ ಕೇಳಿ. ಅಣ್ಣನ ಹೆಸರು ಹಿಡಿದು ಅವನ ಒಳ್ಳೇದಕ್ಕೆ ಒಂದು ವಾಕ್ಯ ಪ್ರಾರ್ಥಿಸಿ. ಮೊದಮೊದಲು ಹಲ್ಲು ಕಚ್ಚಿಕೊಂಡೇ ಹೇಳಬೇಕಾಗುತ್ತದೆ, ಪರವಾಗಿಲ್ಲ.

ಸುಮ್ನೆ ಓದುವವಳು:
ಒಂದು ಮಾತು ಸೇರಿಸ್ತೀನಿ. ಎಲ್ಲದಕ್ಕೂ ಒಳಗೆ ಏನೋ ಪಾಪ ಇರಬೇಕು ಅಂತ ಹುಡುಕಬೇಡಿ, ಇಂಥ ಸಲಹೆಯಿಂದ ನೊಂದವರನ್ನು ಜಾಸ್ತಿ ನೋಡಿದ್ದೀನಿ. ದೇಹದಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಬಾಧೆಯನ್ನು ತೆಗೆಯಲಿ ಅಂತ ಅಪೊಸ್ತಲ ಪೌಲ 3 ಸಲ ಬೇಡಿದ, ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನೋ ಉತ್ತರ ಸಿಕ್ಕಿತು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದ (ಬೈಬಲಿನ) ಪ್ರಾರ್ಥನೆಯೇ. ಮಾತೇ ಬರದ ದಿನ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ರೋಮಾಪುರದವರಿಗೆ 8:26ರಲ್ಲಿದೆ, ಅಂಥ ದಿನ ಸುಮ್ನೆ ಕೂತರೂ ನಡೆಯುತ್ತದೆ ಬ್ರದರ್.

ಹೊಸಬ:
ಥ್ಯಾಂಕ್ಸ್ ಎಲ್ಲರಿಗೂ. ಬೆಳಿಗ್ಗೆ ಏಳೋದು ಸುಲಭ ಅನ್ನಿಸ್ತಿದೆ, ಅಣ್ಣನ ಹೆಸರು ಹೇಳೋದೇ ಕಷ್ಟ.