ಡಯಾಲಿಸಿಸ್ ಖಾಸಗಿಯವರಿಗೆ ಕೊಟ್ಟರೆ ಜಿಲ್ಲಾಸ್ಪತ್ರೆಯ ರಶ್ ಇಳಿಯುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ ವಾರಕ್ಕೆ 3 ಸಲ ಡಯಾಲಿಸಿಸ್ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಪಾಳಿ ಸಿಗದೆ 70 ಕಿ.ಮೀ. ದೂರದ ಜಿಲ್ಲಾಸ್ಪತ್ರೆಗೆ ಹೋಗ್ತಿದ್ದೇವೆ. ಅಲ್ಲಿ ಕಾರಿಡಾರಿನಲ್ಲೂ ಜನ ಮಲಗಿರುತ್ತಾರೆ. ಖಾಸಗಿಯವರ ಜೊತೆ ಸೇರಿ ನಡೆಸಿದರೆ, ಅದೇ ಪಿಪಿಪಿ ಅಂತಾರಲ್ಲ, ರಶ್ ಇಳಿಯುತ್ತಾ? ಇಲ್ಲ ಬಿಲ್ ಶುರುವಾಗುತ್ತಾ?

ಉತ್ತರ: ಇಳಿಯುತ್ತದೆ, ಆದರೆ ಯಂತ್ರ ನಿಮ್ಮ ತಾಲ್ಲೂಕಿನಲ್ಲೇ ಓಡಿದರೆ ಮಾತ್ರ. 2016ರಲ್ಲಿ ಬಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೇ ಪಿಪಿಪಿ. ಜಾಗ, ಕರೆಂಟು, ನೀರು ಸರ್ಕಾರದ್ದು. ಯಂತ್ರ, ಟೆಕ್ನೀಷಿಯನ್, ನೀರು ಶುದ್ಧ ಮಾಡುವ ಆರ್‌ಒ ಪ್ಲಾಂಟ್ ಖಾಸಗಿಯವರದ್ದು. ಬಿಪಿಎಲ್ ಕುಟುಂಬಕ್ಕೆ ಉಚಿತ.

ಲೆಕ್ಕ ನೋಡಿ. ಒಂದು ಸಲಕ್ಕೆ 4 ಗಂಟೆ. ವಾರಕ್ಕೆ 6 ದಿನ, ದಿನಕ್ಕೆ 3 ಪಾಳಿ ನಡೆಸಿದರೂ, ವಾರಕ್ಕೆ 3 ಸಲ ಬರುವವರು ಒಂದು ಯಂತ್ರಕ್ಕೆ 6 ಜನ, ಅಷ್ಟೇ. ಒಂದು ಯಂತ್ರ ಕೆಟ್ಟರೆ 6 ಮನೆಯವರು ಬಸ್ ಹತ್ತಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಆರ್‌ಒ ಪ್ಲಾಂಟೇ ನಿಂತುಹೋಗಿತ್ತು. ಯಂತ್ರಗಳೆಲ್ಲ ಸರಿ ಇದ್ದವು, ಶುದ್ಧ ನೀರಿರಲಿಲ್ಲ. ಗುತ್ತಿಗೆದಾರರು ಫೋನ್ ಎತ್ತಲಿಲ್ಲ. ಕಾಲು ಊದಿಕೊಂಡಿದ್ದ ಅಜ್ಜಿಯೊಬ್ಬರು ಬೆಳಿಗ್ಗೆ 6ಕ್ಕೇ ಬಂದು ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಜಿಲ್ಲಾಸ್ಪತ್ರೆಗೆ ಕಳಿಸುವಾಗ ನನಗೆ ತುಂಬಾ ಸಂಕಟವಾಯಿತು. ಎಷ್ಟು ಗಂಟೆಯೊಳಗೆ ರಿಪೇರಿ, ತಪ್ಪಿದರೆ ಎಷ್ಟು ದಂಡ ಅಂತ ಒಪ್ಪಂದದಲ್ಲಿ ಬರೆದಿರಬೇಕು. ಬರೆದದ್ದನ್ನು ವಸೂಲಿಯೂ ಮಾಡಬೇಕು.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಇಡೀ ಆಸ್ಪತ್ರೆಯನ್ನೇ ಕೊಟ್ಟುಬಿಟ್ಟರೆ?

ಉತ್ತರ: ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ಜನ ಒಪೆಕ್ ಆಸ್ಪತ್ರೆ ಅಂತಾರಲ್ವಾ, ಅದನ್ನು ನಡೆಸಲು 2002ರಲ್ಲಿ ಖಾಸಗಿಯ ಅಪೋಲೊ ಆಸ್ಪತ್ರೆಯವರಿಗೆ ಕೊಟ್ಟಿದ್ದರು. 2012ರಲ್ಲಿ ಸರ್ಕಾರಕ್ಕೇ ವಾಪಸ್ ಬಂತು. ಒಪ್ಪಂದ ಮುಗಿದ ಮಾರನೇ ದಿನ ಹೃದ್ರೋಗದ ಡಾಕ್ಟರ್ ಎಲ್ಲಿಂದ ಬರಬೇಕು? ಅದಕ್ಕೇ ನಾನು ಒಂದೊಂದು ಸೇವೆ ಕೊಡುವುದನ್ನು ಒಪ್ಪುತ್ತೇನೆ, ಇಡೀ ಆಸ್ಪತ್ರೆಯನ್ನಲ್ಲ.

ಮೊದಲು ಕೇಳಿದವರಿಗೆ: ತಾಲ್ಲೂಕು ಆಸ್ಪತ್ರೆಯ ವೇಟಿಂಗ್ ಲಿಸ್ಟಿನಲ್ಲಿ ಅಪ್ಪನ ಹೆಸರು ಬರೆಸಿ, ಕ್ರಮಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಿಪೋರ್ಟ್ ಹೊಸದಿರಲಿ. ಹೆಪಟೈಟಿಸ್ ಬಿ ಇದ್ದವರಿಗೆ ಬೇರೆಯೇ ಯಂತ್ರ ಬೇಕು, ಹಾಗಾಗಿ ಅದನ್ನು ನೋಡದೆ ಪಾಳಿ ಕೊಡುವುದಿಲ್ಲ. ಪಾಳಿ ಖಾಲಿಯಾದ ದಿನ ರಿಪೋರ್ಟ್ ಇಲ್ಲ ಅಂತ ಅದು ಮುಂದಿನವರಿಗೆ ಹೋಗಬಾರದು.