ವಾಲ್ವ್ ಗೈಡ್‌ಗೆ ಕನ್ನಡದಲ್ಲಿ ಏನಂತೀರಿ? ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಕಾರ್ವೆಟ್ ಝಡ್ 06 ಸ್ಪೋರ್ಟ್ಸ್ ಕಾರಿನ ಎಂಜಿನ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 2006ರಿಂದ 2013ರವರೆಗಿನ ಮಾಡೆಲ್, 7 ಲೀಟರಿನ ಎಲ್‌ಎಸ್ 7 ಎಂಜಿನ್. ಅದರ ಸಿಲಿಂಡರ್ ಹೆಡ್‌ಗೆ ಒಂದು ಹೆಸರುವಾಸಿ ಕಾಯಿಲೆ ಇದೆ. ವಾಲ್ವಿನ ಕಡ್ಡಿ ಜಾರುತ್ತಾ ಹೋಗಿ ಬರುವ ತೂತಿನ ಭಾಗವೇ ವಾಲ್ವ್ ಗೈಡ್. ಅದು ಬೇಗ ಸವೆಯುತ್ತದೆ, ವಾಲ್ವ್ ಅಲ್ಲಾಡಲು ಶುರುವಾಗುತ್ತದೆ, ಗ್ರಹಚಾರ ಕೆಟ್ಟರೆ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು.

ಬರಹದ ಜೊತೆ ಒಂದು ಚಿತ್ರ ಇದೆ. ಐದು ಬಾಣ, ಐದು ಹೆಸರು: ವಾಲ್ವ್, ಅದರ ಹೆಡ್ (ತಲೆ), ಸ್ಟೆಮ್ (ಕಡ್ಡಿ), ಸೀಟ್ (ಮುಚ್ಚಿದಾಗ ತಲೆ ಕೂರುವ ಜಾಗ), ಗೈಡ್. ಜಾಗ ಕಡಿಮೆ, ಆದ್ದರಿಂದ ಪುಟ್ಟ ಪದಗಳೇ ಬೇಕು. ಗೈಡ್‌ಗೆ 'ಮಾರ್ಗದರ್ಶಿ' ಅಂತ ಹಾಕಿ ನೋಡಿದೆ. 'ಕವಾಟ ಮಾರ್ಗದರ್ಶಿ ಸವೆದಿದೆ' ಅಂದರೆ ಯಾವುದೋ ಕೈಪಿಡಿಯ ರಟ್ಟು ಹರಿದಿದೆ ಅಂದುಕೊಳ್ಳುತ್ತಾರೆ, ಅಲ್ವಾ?

ಇನ್ನೊಂದು ತಲೆನೋವು 'ಹೆಡ್'. ಸಿಲಿಂಡರಿಗೂ ಹೆಡ್, ವಾಲ್ವಿಗೂ ಹೆಡ್. 'ಹೆಡ್ ಮುರಿಯಬಹುದು' ಅಂತ ಬರೆದರೆ ಯಾವ ಹೆಡ್?

ದಯವಿಟ್ಟು ಇವತ್ತೇ ಹೇಳಿ.

——

ಮರು: ವಾಲ್ವ್ ಗೈಡ್

ಕವಾಟನಾಳ. ಎರಡೂ ಸಂಸ್ಕೃತ, ಸಮಾಸ ಶುದ್ಧ. ಹೃದಯದ ಕವಾಟ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

——

ಮರು: ವಾಲ್ವ್ ಗೈಡ್

> ಎರಡೂ ಸಂಸ್ಕೃತ, ಸಮಾಸ ಶುದ್ಧ

ಹೌದು, ಕನ್ನಡ ಮಾತ್ರ ಎಲ್ಲೂ ಇಲ್ಲ.

ನಮ್ಮ ಹತ್ತಿರ 'ಕದ' ಇದೆ. ತಮಿಳಿನ ಕದವು ಇದರ ಅಕ್ಕತಂಗಿ. ಎರಡೇ ಅಕ್ಷರ, ಬಾಣದ ತುದಿಯಲ್ಲಿ ಹಿಡಿಸುತ್ತದೆ. ವಾಲ್ವ್ ಅಂದರೆ ಕದ, ಗೈಡ್ ಅಂದರೆ ಕದಗೊಳವೆ, ಸ್ಟೆಮ್ ಅಂದರೆ ದಂಟು. ಸಿಲಿಂಡರನ್ನೂ ಉರುಳೆ ಅಂತ ಮಾಡಿಬಿಡಿ. ಗ್ರೀಕರೂ ಉರುಳು ಅನ್ನುವ ಅರ್ಥದ ಮಾತಿನಿಂದಲೇ ಆ ಪದ ಕಟ್ಟಿದ್ದು.

——

ಮರು: ಮರು: ವಾಲ್ವ್ ಗೈಡ್

ಎಂಜಿನ್ ಬಿಚ್ಚಿದವನು ನಾನು. ಎರಡೂ ಒಪ್ಪಲ್ಲ.

ನಾಳ ಅಂದರೆ ಒಳಗೆ ಏನಾದರೂ ಹರಿಯಬೇಕು. ಗೈಡ್ ಒಳಗೆ ಏನೂ ಹರಿಯಬಾರದು. ಹರಿದರೆ ಅದೇ ರೋಗ: ಮೇಲಿನ ಆಯಿಲ್ ಕೆಳಗೆ ಇಳಿದು ಸೈಲೆನ್ಸರಿನಲ್ಲಿ ನೀಲಿ ಹೊಗೆ. ಕೊಳವೆಗೂ ಇದೇ ಮಾತು. ಹೆಸರಿಡುವ ಮುಂಚೆ ಆ ಭಾಗ ಏನು ಮಾಡುತ್ತದೆ ಅಂತ ನೋಡಬೇಡವಾ?

ಅದಕ್ಕೆ ಎರಡು ಕೆಲಸ. ಒಂದು, ವಾಲ್ವಿನ ಕಡ್ಡಿ ಓಲಾಡದ ಹಾಗೆ ಹಿಡಿಯುವುದು. ಎರಡು, ಕಡ್ಡಿಯ ಬಿಸಿಯನ್ನು ಸಿಲಿಂಡರ್ ಹೆಡ್‌ಗೆ ದಾಟಿಸುವುದು. ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಟೈಟೇನಿಯಂ. ಎಕ್ಸಾಸ್ಟ್ ವಾಲ್ವಿನ ಕಡ್ಡಿ ಟೊಳ್ಳು, ಒಳಗೆ ಸೋಡಿಯಂ ತುಂಬಿರುತ್ತಾರೆ. ಅದು 98 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿ, ಮೇಲೆ ಕೆಳಗೆ ಎಗರಾಡುತ್ತಾ ತಲೆಯ ಬಿಸಿಯನ್ನು ಕಡ್ಡಿಗೆ ತರುತ್ತದೆ. ಆ ಬಿಸಿ ಗೈಡ್ ಮೂಲಕ ಹೊರಗೆ ಹೋಗಬೇಕು.

ಈಗ ಸವೆತಕ್ಕೆ ಬನ್ನಿ. ಸೀಟಿನ ನಡುವೂ ಗೈಡಿನ ನಡುವೂ ಒಂದೇ ಗೆರೆಯಲ್ಲಿ ಇರಬೇಕು. ಕೂದಲೆಳೆ ಆಚೀಚೆ ಆದರೂ ವಾಲ್ವ್ ಮುಚ್ಚುವಾಗ ತಲೆ ಸೀಟಿನ ಕಡೆ ಜಾರುತ್ತದೆ, ಕಡ್ಡಿ ಗೈಡಿನ ಒಂದು ಬದಿಗೆ ಒತ್ತಿಕೊಳ್ಳುತ್ತದೆ. 7000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ ಸುಮಾರು 58 ಸಲ ತೆರೆದು ಮುಚ್ಚುತ್ತದೆ. ಅಷ್ಟು ಸಲ ಉಜ್ಜಿದರೆ ಉಳಿಯುವುದೇನು? ಸಂದು ಜಾಸ್ತಿ ಆಗುತ್ತದೆ. ಸಂದು ಜಾಸ್ತಿ ಆದಷ್ಟೂ ಕಡ್ಡಿ ಬಾಗುತ್ತದೆ, ಬಿಸಿಯೂ ಸರಿಯಾಗಿ ದಾಟುವುದಿಲ್ಲ. ಬಾಗಿ ಬಾಗಿ ಟೊಳ್ಳು ಕಡ್ಡಿಯ ಲೋಹ ದಣಿಯುತ್ತದೆ, ಒಂದು ದಿನ ಫಟ್ ಅನ್ನುತ್ತದೆ. ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಮುಟ್ಟಿದರೇ ಹೆಡ್ ಬಿಚ್ಚಬೇಕು. ಇದನ್ನೆಲ್ಲ ವರ್ಕ್‌ಶಾಪಿನಲ್ಲಿ ಮೂರೇ ಪದದಲ್ಲಿ ಹೇಳುತ್ತಾರೆ: 'ಗೈಡ್ ಲೂಸ್ ಆಗಿದೆ.'

ಗೈಡ್ ಅಂತಲೇ ಬರೆಯಿರಿ. ಸುಮ್ನೆ ಯಾಕೆ ಕಷ್ಟ?

——

ಮರು: ಮರು: ವಾಲ್ವ್ ಗೈಡ್

ಮೇಲಿನವರು ಕೆಲಸ ವಿವರಿಸಿದ್ದರಿಂದ ಪದ ತಾನಾಗಿಯೇ ಸಿಕ್ಕಿತು. ಒರೆ!

ಕತ್ತಿ ಒರೆಯೊಳಗೆ ಬಿಗಿಯಾಗಿ ಕೂರುತ್ತದೆ, ನೇರಕ್ಕೆ ಹೋಗಿ ಬರುತ್ತದೆ, ಅಡ್ಡಕ್ಕೆ ಅಲ್ಲಾಡುವುದಿಲ್ಲ. ವಾಲ್ವಿನ ಕಡ್ಡಿಯೂ ಹಾಗೇ. ಇನ್ನೂ ಒಂದು ಸೊಗಸು ನೋಡಿ. ಒರೆಸು, ಒರೆಗೆ ಹಚ್ಚು, ಎಲ್ಲದರಲ್ಲೂ ಉಜ್ಜುವ ಅರ್ಥ ಇದೆ. ಉಜ್ಜಿ ಉಜ್ಜಿ ಸವೆಯುವ ಜಾಗಕ್ಕೆ ಒರೆ ಅನ್ನದೆ ಇನ್ನೇನು ಅನ್ನುತ್ತೀರಿ? ನಮ್ಮ ಹಿರಿಯರು ಎಂಜಿನ್ ಕಾಣದೆಯೇ ಪದ ಕೊಟ್ಟು ಹೋಗಿದ್ದಾರೆ.

——

ಮರು: ಒರೆ

> ಎಲ್ಲದರಲ್ಲೂ ಉಜ್ಜುವ ಅರ್ಥ ಇದೆ

ಇಲ್ಲ. ಕತ್ತಿಯ ಒರೆ ಹಳಗನ್ನಡದಲ್ಲಿ ಒಱೆ, ಈಗ ಬಿಟ್ಟುಹೋದ ಗಡಸು ರ, ಅಂದರೆ ಶಕಟರೇಫ. ತಮಿಳಿನಲ್ಲಿ ಉಱೈ. ಉಜ್ಜುವ ಒರೆ ಸಾದಾ ರೇಫ, ತಮಿಳಿನಲ್ಲಿ ಉರೈ. ಎರಡು ಬೇರೆ ಬೇರೆ ಪದಗಳು ಅಕ್ಷರ ಕಳೆದುಕೊಂಡು ಒಂದೇ ಥರ ಕಾಣುತ್ತಿವೆ, ಅಷ್ಟೇ. ಶಕಟರೇಫ ಬಿಟ್ಟರೆ ಹೀಗೇ ಆಗುವುದು.

——

ಮರು: ಒರೆ

ಉಜ್ಜುವ ವಿಷಯ ಹೋಗಲಿ, ಕತ್ತಿಯ ಒರೆ ಸಾಕು. ಪದ ಚೆನ್ನಾಗಿದೆ ತಾನೇ?

——

ಮರು: ಒರೆ

ಕವಾಟದ ಜೊತೆ ಸೇರಿಸಿದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಚೆನ್ನಾಗಿಲ್ಲ.

——

ಮರು: ಅರಿಸಮಾಸ?

'ಕವಾಟದ ಒರೆ' ಅಂದರೆ ಷಷ್ಠಿ ವಿಭಕ್ತಿ ಕಣ್ಣಿಗೆ ಕಾಣುತ್ತಾ ಇದೆ. ಸಮಾಸವೇ ಆಗಿಲ್ಲ, ಅರಿ ಎಲ್ಲಿಂದ ಬಂತು? ಸಮಾಸ ಆಗಿದ್ದರೂ ಬಿರುದುಗಳಿಗೆ, ಹಳೆಯ ಕವಿಗಳ ಬಳಕೆಗೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ರಿಯಾಯಿತಿ ಕೊಟ್ಟಿದ್ದಾನೆ. ನೀವು ಅವನಿಗಿಂತ ಬಿಗಿ.

ಒಂದೇ ಎಚ್ಚರಿಕೆ, ಎರಡು ಪದಗಳ ನಡುವೆ ಜಾಗ ಬಿಡಿ. ಸಂಧಿ ಮಾಡಿದರೆ 'ಕವಾಟದೊರೆ'. ಆಮೇಲೆ ದೊರೆ ಸವೆದಿದ್ದಾನೆ, ದೊರೆಯನ್ನು ಬಿಚ್ಚಿ ಕಂಚಿನ ದೊರೆಯನ್ನು ಕೂರಿಸಿ ಅಂತ ಓದುತ್ತಾರೆ.

——

ಮರು: ಮರು: ವಾಲ್ವ್ ಗೈಡ್

ಎಲ್ಲರಿಗೂ ಥ್ಯಾಂಕ್ಸ್. ಕಂಚಿನ ದೊರೆ ಓದಿ ನಕ್ಕೆ. ರಿಪೇರಿಯ ಭಾಗದಲ್ಲಿ ನಿಜಕ್ಕೂ ಕಂಚಿನ ಗೈಡ್ ಬರುತ್ತದೆ, ಹಳೆಯದನ್ನು ತೆಗೆದು ಅದನ್ನು ಹಾಕುವವರು ಬಹಳ ಮಂದಿಯಂತೆ. ಟೊಳ್ಳು ಎಕ್ಸಾಸ್ಟ್ ವಾಲ್ವ್ ಬಿಟ್ಟು ಗಟ್ಟಿ ಸ್ಟೇನ್‌ಲೆಸ್ ವಾಲ್ವ್ ಹಾಕುವವರೂ ಇದ್ದಾರೆ.

ಆದರೆ ಹೆಡ್ ಪ್ರಶ್ನೆ ಹಾಗೇ ಉಳಿಯಿತು. ಸೀಟಿಗೆ 'ಆಸನ' ಬರೆಯೋಕೆ ಮನಸ್ಸಿಲ್ಲ. ವಾಲ್ವನ್ನು ಒತ್ತುವ ರಾಕರ್ ತೆಗೆದು, ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು, ವಾಲ್ವನ್ನು ಕೈಯಲ್ಲಿ ಆಚೀಚೆ ತಳ್ಳಿ ನೋಡುವ ತಪಾಸಣೆಗೂ ಒಂದು ಹೆಸರು ಬೇಕು.

——

ಮರು: ಹೆಡ್

ವಾಲ್ವಿನ ಹೆಡ್‌ಗೆ 'ಹೆಡೆ'. ದಂಟಿನಿಂದ ಅಗಲವಾಗಿ ಅರಳುತ್ತದಲ್ಲ. ಶಬ್ದವೂ ಹತ್ತಿರ.

——

ಮರು: ಹೆಡ್

ಶಬ್ದ ಹತ್ತಿರ ಅಂತ ಪದ ಆರಿಸುವುದು ಮಕ್ಕಳಾಟ. ಗೊಂದಲವೇ 'ಹೆಡ್' ಇಂದ ಬಂದಿದೆ, ಅದರ ಪಕ್ಕ ಹೆಡೆ ಕೂರಿಸುತ್ತೀರಾ?

'ಬಿಲ್ಲೆ' ಅನ್ನಿ. ದುಂಡಗೆ, ಚಪ್ಪಟೆಯಾಗಿ ಇರುವುದೆಲ್ಲ ಬಿಲ್ಲೆ. 'ವಾಲ್ವಿನ ಬಿಲ್ಲೆ ಮುರಿದು ಬೀಳುತ್ತದೆ' ಅಂದರೆ ಯಾರಿಗೂ ಸಂಶಯ ಬರಲ್ಲ. ಮೇಲಿನ ಇಡೀ ಭಾಗ ಸಿಲಿಂಡರ್ ಹೆಡ್ ಆಗಿಯೇ ಇರಲಿ. ಸೀಟ್‌ಗೆ ಪೀಠ. ತಪಾಸಣೆಗೆ ಹೆಸರು ಯಾಕೆ? 'ಅಲ್ಲಾಡಿಸಿ ನೋಡುವುದು' ಅಂತ ಬರೆಯಿರಿ, ಮಾಡುವುದೂ ಅದೇ.

——

ಮರು: ಕದ

ಬಿಲ್ಲೆ ಒಪ್ಪಿದೆ. ಆದರೆ ವಾಲ್ವ್ ಯಾಕೆ ಹಾಗೇ ಉಳಿಯಿತು? ಕದಕ್ಕೆ ಏನು ಕೊರತೆ ಅಂತ ಯಾರೂ ಹೇಳಲಿಲ್ಲ.

——

ಮರು: ಕದ

ಕೊರತೆ ಏನಿಲ್ಲ. ಲ್ಯಾಟಿನ್ನಿನ ವಾಲ್ವ ಅಂದರೂ ಬಾಗಿಲ ರೆಕ್ಕೆಯೇ. ಇಂಗ್ಲಿಷಿನವರು ತಮ್ಮ ಮನೆಯ ಬಾಗಿಲಿನ ಪದ ಬಿಟ್ಟು ಅದನ್ನು ಎತ್ತಿಕೊಂಡರು. ಯಂತ್ರಕ್ಕೆ ಮನೆಯ ಪದ ಬೇಡ, ಬೇರೆಯದೇ ಇರಲಿ ಅನ್ನಿಸುವುದು ಸಹಜ. ನಾವೂ ಅದನ್ನೇ ಮಾಡಿ ವಾಲ್ವ್ ಅಂದೆವು. ಕಾಗದ, ಕುರ್ಚಿ, ಕಾರ್ಖಾನೆ ತಗೊಂಡಾಗ ಸತ್ತಿಲ್ಲ, ಈಗಲೂ ಸಾಯಲ್ಲ.

——

ಮರು: ಕದ

ಕುರ್ಚಿ ಬಂದಾಗ ನಮ್ಮ ಬಡಗಿ ಅದನ್ನು ಮಾಡುತ್ತಿದ್ದ. ಅವನ ಬಾಯಲ್ಲಿ ಅದು ಪಳಗಿತು. ವಾಲ್ವ್ ಪಳಗಿಲ್ಲ, ಇನ್ನೂ ವಕಾರದ ಮೇಲೆ ಅರ್ಧಾಕ್ಷರ ನೇತಾಡುತ್ತಿದೆ. ಪಳಗಿದ್ದರೆ 'ವಾಲು' ಆಗಬೇಕಿತ್ತು.

——

ಮರು: ಕದ

ಆಗಿದೆ ಸ್ವಾಮಿ. ಪಂಪ್ ರಿಪೇರಿಯವರ ಬಾಯಲ್ಲಿ 'ವಾಲು' ಕೇಳಿಲ್ವಾ? 'ವಾಲು ಕಟ್ಟಿದೆ' ಅನ್ನುತ್ತಾರೆ. ನೀವು ಅದನ್ನು ಅಶುದ್ಧ ಅಂತ ತಿದ್ದುತ್ತೀರಿ, ಆಮೇಲೆ ಪಳಗಿಲ್ಲ ಅಂತ ಅಳುತ್ತೀರಿ.

——

ಮರು: ಮರು: ವಾಲ್ವ್ ಗೈಡ್

ಚಿತ್ರ ಕಳಿಸಿಬಿಟ್ಟೆ. ವಾಲ್ವ್, ಬಿಲ್ಲೆ, ಕಡ್ಡಿ, ಪೀಠ, ಒರೆ. ಒರೆ ಹೊಸದಾದ್ದರಿಂದ ಬರಹದಲ್ಲಿ ಮೊದಲ ಸಲ ಬರುವಾಗ 'ಗೈಡ್ ಅಂತ ಕರೆಯುವ ಒರೆ' ಅಂತ ಹಾಕಿದ್ದೇನೆ. ಮುಂದಿನ ಭಾಗ ಹೆಡ್ ಗ್ಯಾಸ್ಕೆಟ್ ಬಗ್ಗೆ, ಅದನ್ನು ನಾಳೆ ಕೇಳುತ್ತೇನೆ.

——

ಮರು: ಮರು: ವಾಲ್ವ್ ಗೈಡ್

ಕಡ್ಡಿ ತಪ್ಪು. ದಂಟು ಅನ್ನಬೇಕಿತ್ತು. ಗ್ಯಾಸ್ಕೆಟ್ ಕೇಳುವ ಮುಂಚೆ ಇದನ್ನು ತಿದ್ದಿ.