ಭಾರಕ್ಕೆ ಜಗ್ಗಿತೋ, ಭಾರವನ್ನು ಜಗ್ಗಿತೋ? ಹೊಸ ಕಾರಿನಿಂದ ಎದ್ದ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಪ್ರಶ್ನೆ ‘ಜಗ್ಗು’ ಎಂಬ ಕ್ರಿಯಾಪದದ್ದು. ‘ಈ ಕಾರು ಚೆನ್ನಾಗಿ ಜಗ್ಗುತ್ತದೆ’ ಎಂದು ಯಾರಾದರೂ ಬರೆದರೆ ನಿಮಗೆ ಮೊದಲು ಹೊಳೆಯುವ ಅರ್ಥ ಯಾವುದು? ಇಂಜಿನ್ ಬಲವಾಗಿ ಎಳೆಯುತ್ತದೆ ಎಂದೇ? ಗಾಡಿ ಭಾರಕ್ಕೆ ಕುಸಿದು ಕೂರುತ್ತದೆ ಎಂದೇ? ಉತ್ತರದ ಜೊತೆಗೆ ನಿಮ್ಮ ಊರಿನ ಹೆಸರನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಕೊಪ್ಪಳದವಳಾದ ನನಗೆ ಮೊದಲನೆಯ ಅರ್ಥವೇ ಹೊಳೆಯುತ್ತದೆ. ಇತ್ತೀಚೆಗೆ ನಮ್ಮ ಮನೆಗೆ ಒಂದು ಕಿರು ಎಸ್‌ಯುವಿ ಬಂದಿದೆ. ಉದ್ದ ನಾಲ್ಕು ಮೀಟರಿನೊಳಗೆ, 1.2 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಇಂಜಿನ್, ಗೇರು ಕೈಯಿಂದಲೇ ಬದಲಿಸಬೇಕು. ಗಾಡಿ ಹೇಗಿದೆ ಎಂದು ಮೈಸೂರಿನ ಗೆಳತಿ ಕೇಳಿದ್ದಕ್ಕೆ, ‘ನಿಧಾನಕ್ಕೆ ಹೋಗುವಾಗ ಸ್ವಲ್ಪ ಮಂಕು, ವೇಗ ಹಿಡಿದ ಮೇಲೆ ಬಹಳ ಚೆನ್ನಾಗಿ ಜಗ್ಗುತ್ತದೆ’ ಎಂದು ಬರೆದೆ. ಅವಳು ಗಾಬರಿಯಿಂದ, ‘ಹೊಸ ಗಾಡಿ ಈಗಲೇ ಜಗ್ಗಿತೇ? ಶೋರೂಮಿನವರಿಗೆ ತೋರಿಸಿದೆಯಾ?’ ಎಂದು ಕೇಳಿದಳು. ಅವಳ ಮನೆಮಾತಿನಲ್ಲಿ ಹಳೆಯ ಸೋಫಾ ಜಗ್ಗುತ್ತದೆ, ಪುಸ್ತಕಗಳ ಭಾರಕ್ಕೆ ಕಪಾಟಿನ ಹಲಗೆ ಜಗ್ಗುತ್ತದೆ. ಇಂಜಿನ್ ಆದರೆ ಎಳೆಯುತ್ತದೆ.

ಉತ್ತರದವರದು ಒಂದು ಅರ್ಥ, ದಕ್ಷಿಣದವರದು ಇನ್ನೊಂದು ಎಂದು ಗೆರೆ ಎಳೆದು ಇದನ್ನು ಮುಗಿಸಬಹುದಿತ್ತು. ಆದರೆ ಎರಡೂ ಅರ್ಥಗಳು ಎರಡೂ ಕಡೆಯವರಿಗೆ ಗೊತ್ತು. ಮೈಸೂರಿನ ಶಾಲೆಯಲ್ಲೂ ಮಕ್ಕಳು ಆಡುವುದು ಹಗ್ಗಜಗ್ಗಾಟವನ್ನೇ. ಅಲ್ಲಿ ಯಾರೂ ಹಗ್ಗ ಕುಸಿಯಿತು ಎಂದು ತಿಳಿಯುವುದಿಲ್ಲ. ಇತ್ತ ಕೊಪ್ಪಳದ ಓದುಗರೂ ‘ಸರ್ಕಾರ ಒತ್ತಡಕ್ಕೆ ಜಗ್ಗಲಿಲ್ಲ’ ಎಂಬ ತಲೆಬರಹವನ್ನು ಪತ್ರಿಕೆಯಲ್ಲಿ ಓದಿ ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾದರೆ ತೊಡಕು ಎಲ್ಲಿದೆ?

ನನಗೆ ಕಂಡಂತೆ ತೊಡಕು ಇರುವುದು ಕರ್ಮಪದದಲ್ಲಿ. ‘ಭಾರವನ್ನು ಜಗ್ಗಿತು’ ಎಂದರೆ ಎಳೆಯಿತು. ‘ಭಾರಕ್ಕೆ ಜಗ್ಗಿತು’ ಎಂದರೆ ಕುಸಿಯಿತು, ಬಾಗಿತು, ಮಣಿಯಿತು. ವಿಭಕ್ತಿ ಪ್ರತ್ಯಯ ಬದಲಾದರೆ ಗೆದ್ದವನು ಸೋತವನಾಗುತ್ತಾನೆ. ಪ್ರತ್ಯಯ ಇರುವವರೆಗೆ ಬೀದರಿನಿಂದ ಚಾಮರಾಜನಗರದವರೆಗೆ ಯಾರಿಗೂ ಗೊಂದಲವಿಲ್ಲ. ಕರ್ಮಪದವನ್ನು ಬಿಟ್ಟು ಬರಿದೇ ‘ಜಗ್ಗಿತು’ ಎಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ಕರ್ಮಪದವಿಲ್ಲದಿದ್ದರೆ ಮೈಸೂರು ಕಡೆಯವರು ಅಕರ್ಮಕವೆಂದು ಹಿಡಿದು ‘ಕುಸಿಯಿತು’ ಎಂದು ಓದುತ್ತಾರೆ. ನಮ್ಮ ಕಡೆಯವರು ಬಿಟ್ಟುಹೋದ ಕರ್ಮಪದವನ್ನು ಮನಸ್ಸಿನಲ್ಲೇ ತುಂಬಿಕೊಂಡು ‘ಎಳೆಯಿತು’ ಎಂದು ಓದುತ್ತಾರೆ.

ನಮ್ಮ ಕಡೆಯ ರೂಢಿಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಇಲ್ಲಿ ಬಾವಿಯಿಂದ ನೀರು ಜಗ್ಗುತ್ತಾರೆ, ಮಗು ತಾಯಿಯ ಸೆರಗು ಜಗ್ಗುತ್ತದೆ, ಎತ್ತು ಬಂಡಿ ಜಗ್ಗುತ್ತದೆ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳ ಜೋಡಿಗೆ ಭಾರದ ಕಲ್ಲು ಕಟ್ಟಿ ಎಳೆಸುವ ಸ್ಪರ್ಧೆ ಇರುತ್ತದೆ. ಪತ್ರಿಕೆಯವರು ‘ಕಲ್ಲು ಎಳೆಯುವ ಸ್ಪರ್ಧೆ’ ಎಂದೇ ಬರೆಯುತ್ತಾರೆ. ನೋಡಲು ನಿಂತವರ ಬಾಯಲ್ಲಿ ಬರುವುದು ‘ಈ ಜೋಡಿ ಚೆನ್ನಾಗಿ ಜಗ್ಗಿತು’ ಎಂಬ ಮಾತು. ಕಲ್ಲು ಎಲ್ಲರ ಕಣ್ಣೆದುರಿಗೇ ಇರುವಾಗ ಅದನ್ನು ಮತ್ತೆ ಹೆಸರಿಸುವ ಅಗತ್ಯವಿಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು, ಆಮೇಲೆ ಲಾರಿ, ಆಮೇಲೆ ಕಾರು. ಕರ್ಮಪದ ಮಾತ್ರ ಅಂದಿನಿಂದ ಬಿಟ್ಟೇ ಇದೆ.

ನನ್ನ ಸೋದರಮಾವ ಬಹಳ ವರ್ಷ ಬಳ್ಳಾರಿ ಕಡೆ ಅದಿರಿನ ಲಾರಿ ಓಡಿಸಿದವರು. ಹೊಸ ಕಾರಿನಲ್ಲಿ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಗಂಗಾವತಿ ಕಡೆ ಹೊರಟಿದ್ದೆ. ದಾರಿಯಲ್ಲೊಂದು ಮೇಲ್ಸೇತುವೆಯ ಏರು. ಮುಂದೆ ನೆಲ್ಲು ಹೇರಿದ ಎರಡು ಟ್ರಾಲಿಗಳ ಟ್ರ್ಯಾಕ್ಟರ್ ತೆವಳುತ್ತಿತ್ತು. ಏರು ಮುಗಿದು ರಸ್ತೆ ತೆರವಾದಾಗ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ತುಳಿದೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತಿದೆ ಎಂದು ತೋರಿಸುವ ಮುಳ್ಳು 1,400ರ ಹತ್ತಿರವಿತ್ತು. ಇಂಜಿನ್ ಸದ್ದು ದಪ್ಪಗಾಯಿತೇ ಹೊರತು ಗಾಡಿ ಮುಂದಕ್ಕೆ ನುಗ್ಗಲಿಲ್ಲ. ಕಾಲಿನ ಕೆಳಗೆ ಸಣ್ಣ ಅದುರು ಮಾತ್ರ. ‘ಗೇರು ಇಳಿಸವ್ವ, ಇನ್ನೂ ಜಗ್ಗುವುದಿಲ್ಲ’ ಎಂದರು ಮಾವ. ಎರಡನೇ ಗೇರಿಗೆ ಇಳಿಸಿದೆ. ಮುಳ್ಳು 2,000 ದಾಟುತ್ತಿದ್ದಂತೆ ಸಣ್ಣ ಸಿಳ್ಳಿನಂತಹ ಸದ್ದು ಕೇಳಿಸಿ, ಬೆನ್ನು ಸೀಟಿಗೆ ಒತ್ತಿಕೊಂಡಿತು. ‘ಹಾಂ, ಈಗ ಜಗ್ಗಿತು ನೋಡು’ ಎಂದರು. ಅವರ ಬಾಯಲ್ಲಿ ಜಗ್ಗುವುದು ಎಂದರೆ ವೇಗವಲ್ಲ. ವೇಗ ಮುಳ್ಳಿನ ಲೆಕ್ಕ, ಜಗ್ಗು ಬೆನ್ನಿನ ಲೆಕ್ಕ. ಪದವನ್ನು ಬಿಡಲು ನನಗೆ ಮನಸ್ಸಿಲ್ಲದಿರುವುದು ಈ ಖಚಿತತೆಗಾಗಿಯೇ.

ಆ ತಡೆಗೆ ಕಾರಣ ಟರ್ಬೊ. ಇಂಜಿನ್ ಹೊರಬಿಡುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದು ಇನ್ನೊಂದು ಚಕ್ರವನ್ನು ತಿರುಗಿಸಿ ಹೆಚ್ಚು ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಇಂಜಿನ್ ನಿಧಾನವಾಗಿ ಸುತ್ತುವಾಗ ಹೊಗೆ ಕಡಿಮೆ, ಹಾಗಾಗಿ ಒತ್ತಿ ತುಂಬುವ ಗಾಳಿಯೂ ಕಡಿಮೆ. ಇಂಥ ಇಂಜಿನ್ ಕಿರು ಎಸ್‌ಯುವಿಗಳಲ್ಲಿ ಇಷ್ಟೊಂದು ಕಾಣಿಸಿಕೊಳ್ಳುವುದರ ಹಿಂದೆ ತೆರಿಗೆಯ ಕೈವಾಡವೂ ಇದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದಾಗ, ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ ಮತ್ತು ಡೀಸೆಲ್ ಇಂಜಿನ್ 1,500 ಸಿಸಿ ದಾಟಬಾರದು ಎಂಬ ಗೆರೆ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ಜಿಎಸ್‌ಟಿ ದರದಲ್ಲೂ ಅದೇ ಗೆರೆ ಉಳಿದಿದೆ: ಒಳಗಿದ್ದರೆ ಶೇ 18, ದಾಟಿದರೆ ಶೇ 40. ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್ ಎಲ್ಲವೂ 3,995 ಮಿಲಿಮೀಟರಿಗೆ ಬಂದು ನಿಂತಿರುವುದು ಆಕಸ್ಮಿಕವಲ್ಲ. ಇಂಜಿನ್ ಗಾತ್ರಕ್ಕೆ ಮಿತಿ ಬಿದ್ದ ಮೇಲೆ ಜಗ್ಗುವ ಬಲವನ್ನು ಟರ್ಬೊದಿಂದ ತರಬೇಕಾಯಿತು. ವೆನ್ಯೂವಿನ 998 ಸಿಸಿ ಟರ್ಬೊ ಇಂಜಿನ್ನಿನ ತಿರುಚುಬಲ (ಟಾರ್ಕ್) 172 ನ್ಯೂಟನ್ ಮೀಟರ್. ಉದ್ದದಲ್ಲಿ ಗೆರೆಯೊಳಗಿದ್ದರೂ ಇಂಜಿನ್ ಗಾತ್ರದಲ್ಲಿ ಅದನ್ನು ದಾಟಿದ ಬ್ರೆಝಾದ 1,462 ಸಿಸಿಯ ಟರ್ಬೊ ಇಲ್ಲದ ಇಂಜಿನ್ನಿನದು ಸುಮಾರು 137. ಗಾತ್ರದಲ್ಲಿ ಚಿಕ್ಕದೇ ಹೆಚ್ಚು ಜಗ್ಗುತ್ತದೆ, ಆದರೆ ತಡೆದು ಜಗ್ಗುತ್ತದೆ. ಈ ತಡವನ್ನು ಹೇಳುವ ಇಂಗ್ಲಿಷಿನ ‘ಟರ್ಬೊ ಲ್ಯಾಗ್’ ಎಂಬುದಕ್ಕೆ ‘ತಡೆಜಗ್ಗು’ ಎಂದರೆ ಹೇಗೆ ಎಂದು ಒಮ್ಮೆ ಯೋಚಿಸಿದೆ. ಟಂಕಿಸಿದ ಪದದ ವಾಸನೆ ಬಂದುದರಿಂದ ಬಿಟ್ಟೆ. ‘ತಡೆದು ಜಗ್ಗುತ್ತದೆ’ ಎಂಬ ಎರಡು ಪದಗಳೇ ಸಾಕು.

ಕರ್ಮಪದ ಬಿಡುವ ರೂಢಿ ಕನ್ನಡದ್ದು ಮಾತ್ರವೂ ಅಲ್ಲ. ರಾಯಚೂರಿನ ಗ್ಯಾರೇಜುಗಳಲ್ಲಿ ಒಂದೇ ದೂರನ್ನು ಮೂರು ಭಾಷೆಗಳಲ್ಲಿ ಕೇಳಬಹುದು. ತೆಲುಗಿನವರು ‘ಬಂಡಿ ಲಾಗಡಂ ಲೇದು’ ಎನ್ನುತ್ತಾರೆ, ಉರ್ದುವಿನವರು ‘ಗಾಡಿ ನಹೀಂ ಖೀಂಚ್ ರಹೀ’ ಎನ್ನುತ್ತಾರೆ, ಕನ್ನಡದವರು ‘ಗಾಡಿ ಜಗ್ಗುತ್ತಿಲ್ಲ’ ಎನ್ನುತ್ತಾರೆ. ಲಾಗು, ಖೀಂಚ್, ಜಗ್ಗು ಮೂರೂ ಎಳೆತವೇ, ಮೂರರಲ್ಲೂ ಏನನ್ನು ಎಂಬುದಿಲ್ಲ. ಮೂರೂ ಭಾಷೆ ಬಲ್ಲ ಮೆಕ್ಯಾನಿಕ್‌ಗಳ ನಡುವೆ ಈ ಬಳಕೆ ಗಟ್ಟಿಯಾಗಿರಬಹುದು ಎಂಬುದು ನನ್ನ ಊಹೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಹೊಸ ಗಾಡಿಯ ಅನುಭವವನ್ನು ಬರೆಯಲು ಕುಳಿತರೆ ‘ಜಗ್ಗು’ವಿನ ಎರಡೂ ಅರ್ಥಗಳು ಒಂದೇ ಪುಟದಲ್ಲಿ ಬೇಕಾಗುತ್ತವೆ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಗಂಗಾವತಿಯ ಅಕ್ಕಿಯ ಮೂಟೆಗಳನ್ನು ಇಟ್ಟಾಗ ಗಾಡಿಯ ಹಿಂಭಾಗ ಕೆಳಗಿಳಿಯುತ್ತದೆ. ಅದನ್ನು ನಾವೂ ‘ಹಿಂದೆ ಜಗ್ಗಿದೆ’ ಎಂದೇ ಹೇಳುತ್ತೇವೆ. ಇದು ಕಿರು ಎಸ್‌ಯುವಿ ಕೊಂಡವರು ಗಮನಿಸಲೇಬೇಕಾದ ಸಂಗತಿ, ಏಕೆಂದರೆ ಬಹಳ ಜನ ಇದನ್ನು ಕೊಳ್ಳುವುದೇ ನೆಲದಿಂದ ಇರುವ ಎತ್ತರಕ್ಕಾಗಿ. ದೊಡ್ಡ ಗಾಡಿಗಳ ಮೇಲೆ ಆಗ ಇದ್ದ ಸೆಸ್ ಎಂಬ ಹೆಚ್ಚುವರಿ ತೆರಿಗೆಗಾಗಿ 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಎಸ್‌ಯುವಿಯ ಲಕ್ಷಣಗಳನ್ನು ಸ್ಪಷ್ಟಪಡಿಸಿದಾಗ, ಉದ್ದ ಮತ್ತು ಇಂಜಿನ್ ಗಾತ್ರದ ಜೊತೆಗೆ ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರವಿರಬೇಕು ಎಂದಿತು. ಆ ಎತ್ತರವನ್ನು ಅಳೆಯಬೇಕಾದದ್ದು ಗಾಡಿ ಖಾಲಿ ಇರುವಾಗ ಎಂದೂ ಸೇರಿಸಿತು. ಜಗ್ಗುವ ಮುಂಚಿನ ಎತ್ತರ ಎಂದರೆ ನಮ್ಮ ಮಾತಿನಲ್ಲಿ ಅದು ತಿಳಿಯುತ್ತದೆ. ತುಂಬಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು ಊರೂರಿನ ರಸ್ತೆ ಉಬ್ಬುಗಳ ಮೇಲೆ ಗೊತ್ತಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಕಾರಟಗಿ, ಸಿಂಧನೂರು ನಡುವಿನ ಕೆಲವು ಹಳ್ಳಿಗಳ ಮುಂದೆ ಅರ್ಧ ಮೀಟರ್ ಅಗಲದಲ್ಲೇ ಗೋಡೆ ಕಟ್ಟಿದಂತೆ ಎಬ್ಬಿಸಿದ್ದಾರೆ. ಅಲ್ಲಿ ಜಗ್ಗಿದ ಗಾಡಿಯ ತಳ ತಾಗಿ ಗರಗರ ಎಂದಾಗ ಎದೆ ಝಲ್ಲೆನ್ನುತ್ತದೆ.

ಹಾಗಾಗಿ ‘ತುಂಬಿದಾಗ ಗಾಡಿ ಜಗ್ಗುತ್ತದೆಯೇ?’ ಎಂದು ಯಾರಾದರೂ ಕೇಳಿದರೆ ಹೌದು ಎನ್ನಬೇಕೋ, ಇಲ್ಲ ಎನ್ನಬೇಕೋ ತಿಳಿಯದು. ಐವರು ಕೂತರೂ ಏರಿನಲ್ಲಿ ಎಳೆಯುತ್ತದೆಯೇ ಎಂಬ ಪ್ರಶ್ನೆಯೂ ಅದೇ, ಹಿಂಭಾಗ ಕೂರುತ್ತದೆಯೇ ಎಂಬ ಪ್ರಶ್ನೆಯೂ ಅದೇ.

ಮೂರನೆಯದೊಂದು ಬಳಕೆಯೂ ಇದೆ: ‘ಗಾಡಿ ಎಡಕ್ಕೆ ಜಗ್ಗುತ್ತದೆ’. ಸ್ಟಿಯರಿಂಗ್ ಸಡಿಲ ಬಿಟ್ಟರೆ ಗಾಡಿ ತಾನಾಗಿ ಎಡಕ್ಕೆ ಹೋಗುವುದು. ಇಲ್ಲಿ ದಿಕ್ಕನ್ನು ಹೇಳುವುದರಿಂದ ಗೊಂದಲವಿಲ್ಲ. ಹೊಸಬರು ಇದಕ್ಕೆ ಗಾಬರಿಯಾಗಬೇಕಾಗಿಲ್ಲ ಎಂಬ ಮಾತನ್ನಷ್ಟೇ ಸೇರಿಸುತ್ತೇನೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆ ಇಳಿಜಾರಾಗಿ ಮಾಡಿರುತ್ತಾರೆ. ಎಡಬದಿಯಲ್ಲಿ ಓಡುವ ಗಾಡಿ ಕೊಂಚ ಎಡಕ್ಕೆ ಜಗ್ಗುವುದು ಸಹಜ. ಸಮತಟ್ಟು ಜಾಗದಲ್ಲೂ ಹಾಗೇ ಆದರೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಬೇಕು.

ಬದಲಿ ಪದಗಳನ್ನೂ ತೂಗಿ ನೋಡಿದ್ದೇನೆ. ‘ಪಿಕಪ್’ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ನಿಂತಲ್ಲಿಂದ ಚಿಮ್ಮುವುದು ಮುಖ್ಯ. ಭಾರ ಹೊತ್ತು ಏರು ಹತ್ತುವುದು ಅದರಲ್ಲಿ ಪೂರ್ತಿ ಬರುವುದಿಲ್ಲ. ‘ಸೆಳೆತ’ ಎಂದರೆ ಮನಸ್ಸಿನದೋ ಸ್ನಾಯುವಿನದೋ ಆಗಿಬಿಡುತ್ತದೆ. ‘ಎಳೆತ’ ಸರಿಯಾಗಿದೆ, ಆದರೆ ಸಪ್ಪೆ. ‘ಕಸುವು’ ನನಗೆ ಬಹಳ ಇಷ್ಟವಾದ ಪದ; ಹೊಲಕ್ಕೂ ತೋಳಿಗೂ ಹೇಳುವ ಅದನ್ನು ಇಂಜಿನ್ನಿಗೂ ಹೇಳಬಹುದು. ಆದರೆ ಕಸುವು ಇರುವಂಥದ್ದು, ಜಗ್ಗುವುದು ಆಗುವಂಥದ್ದು. ‘ಇಂಜಿನ್ನಿಗೆ ಕಸುವಿದೆ, ಆದರೆ 2,000ದವರೆಗೆ ಜಗ್ಗುವುದಿಲ್ಲ’ ಎಂಬ ವಾಕ್ಯದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಇಡಲು ಬರುವುದಿಲ್ಲ.

ಗಾಡಿಯ ಮಿಕ್ಕ ಚಲನೆಗಳಿಗೆ ಇಂಥ ತಾಪತ್ರಯವಿಲ್ಲ. ತಿರುವಿನಲ್ಲಿ ಪಕ್ಕಕ್ಕೆ ‘ವಾಲು’ತ್ತದೆ, ಎತ್ತರದ ಗಾಡಿಯಾದ್ದರಿಂದ ಹಳೆಯ ಸಣ್ಣ ಕಾರಿಗಿಂತ ಹೆಚ್ಚು. ನಿಂತಾಗ ಮೂರು ಸಿಲಿಂಡರಿನ ಇಂಜಿನ್ ‘ಅದುರು’ತ್ತದೆ. ಸಿಂಧನೂರಿನಿಂದ ಮಾನ್ವಿಯ ಕಡೆಗೆ ಎರೆ ಭೂಮಿಯ ಮೇಲೆ ಹಾಸಿದ ರಸ್ತೆಯಲ್ಲಿ ‘ಜೋಲಿ ಹೊಡೆಯು’ತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಿರಿದು ಕುಗ್ಗುವುದರಿಂದ ಮೇಲಿನ ಡಾಂಬರು ಅಲೆಯಲೆಯಾಗಿ ಎದ್ದಿರುತ್ತದೆ. ಗುಂಡಿಯಲ್ಲಾದರೆ ‘ಕುಲುಕು’. ವಾಲು, ಅದುರು, ಜೋಲಿ, ಕುಲುಕು ನಾಲ್ಕೂ ಬೇರೆ ಬೇರೆ ಅನುಭವಗಳು, ಯಾವ ಕಡೆಯ ಕನ್ನಡಿಗರಿಗೂ ವಿವರಿಸಬೇಕಾಗಿಲ್ಲ.

ಆದ್ದರಿಂದ ಬಲ್ಲವರಲ್ಲಿ ಮೂರು ವಿಷಯ ಕೇಳಬೇಕಾಗಿದೆ. ಹಾಸನ, ಮಂಡ್ಯ, ಚಾಮರಾಜನಗರದ ಕಡೆ ಎತ್ತು ಅಥವಾ ಟ್ರ್ಯಾಕ್ಟರ್ ವಿಷಯದಲ್ಲಾದರೂ ಕರ್ಮಪದವಿಲ್ಲದೆ ‘ಜಗ್ಗಿತು’ ಎಂದು ಎಳೆಯುವ ಅರ್ಥದಲ್ಲಿ ಹೇಳುವುದುಂಟೇ? ಕರಾವಳಿಯ ಬಸ್ ಚಾಲಕರು ಘಟ್ಟ ಹತ್ತುವ ಬಸ್ಸಿನ ಬಲಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ? ಇನ್ನು, ರಾಜ್ಯದ ಎಲ್ಲ ಓದುಗರಿಗಾಗಿ ಬರೆಯುವಾಗ ‘ಇಂಜಿನ್ ಜಗ್ಗುತ್ತದೆ’, ‘ಹಿಂಭಾಗ ಜಗ್ಗುತ್ತದೆ’ ಎಂದು ಗಾಡಿಯ ಬದಲು ಆಯಾ ಭಾಗವನ್ನೇ ಕರ್ತೃವಾಗಿ ಇಟ್ಟರೆ ಗೊಂದಲ ತಪ್ಪುತ್ತದೆ ಎಂದು ನನಗೆ ತೋರುತ್ತದೆ. ಕೊಪ್ಪಳ, ರಾಯಚೂರಿನವರಿಗೆ ಅದು ಸಹಜವಾಗಿಯೇ ಕೇಳಿಸುತ್ತದೆ. ದಕ್ಷಿಣದವರ ಕಿವಿಗೆ ‘ಇಂಜಿನ್ ಜಗ್ಗುತ್ತದೆ’ ಎಂಬುದು ಒಪ್ಪಿತವಾಗುತ್ತದೆಯೇ, ಅಥವಾ ಬೋಲ್ಟು ಸಡಿಲವಾಗಿ ಇಂಜಿನ್ನೇ ಕೆಳಗಿಳಿದಿದೆ ಎಂದು ಕೇಳಿಸುತ್ತದೆಯೇ?